ಕೋಕೋ ಉಂಟೋ ಇಲ್ಲವೋ

೬ ಅಕ್ಟೋಬರ್ ೨೦೨೫, ಸೋಮವಾರ

ಮಾಲು ಮುಂಬೈ ಬಂದರಿನಲ್ಲಿ ನಿಂತಿದೆ. ಬೆಳಗ್ಗೆ ಹುಬ್ಬಳ್ಳಿಯ ಮಾರ್ತಾಂಡರಾಯರು ಫೋನ್ ಮಾಡಿದ್ದರು. ಪರದೇಶದ ಮಾಲನ್ನು ಕಸ್ಟಮ್ಸ್‌ನವರ ಕೈಯಿಂದ ಬಿಡಿಸಿ ಕೊಡುವುದು ಅವರ ಕಸುಬು. ಬಿಡಿಸುವ ಮನುಷ್ಯನೇ “ಸಿಕ್ಕೊಂಡದ ನೋಡ್ರಿ” ಅಂದ ಮೇಲೆ ಅದು ಸಣ್ಣ ಗಂಟಲ್ಲ.

ಮುಂಡರಗಿ ಬಸ್‌ಸ್ಟ್ಯಾಂಡಿನಲ್ಲಿ ಬುಟ್ಟಿ ಹಿಡಿದು ಪೆಪ್ಪರಮಿಂಟು, ಶೇಂಗಾ ಚಿಕ್ಕಿ ಮಾರಿದವಳು ನಾನು, ಹನಮಂತವ್ವ. ಇವತ್ತು ಬೆಟಗೇರಿಯಲ್ಲಿ ಗೋದಾಮು ಇದೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಕಿರಾಣಿ ಅಂಗಡಿಗಳ ಬರಣಿಯೊಳಗೆ ಮಕ್ಕಳು ಬೆರಳು ಮಾಡಿ ತೋರಿಸುವ ಸಿಹಿ ಬಹುಪಾಲು ನನ್ನಲ್ಲಿಂದ ಹೋದದ್ದೇ. ಪರದೇಶದ ಮಾಲು ತರಿಸುವ ಹುಚ್ಚು ಮಾತ್ರ ನನ್ನದಲ್ಲ, ಸೊಸೆಯದು. ಬಿ.ಕಾಂ. ಓದಿದ್ದಾಳೆ. ಪರವಾನಗಿಯನ್ನು ಅವಳ ಹೆಸರಲ್ಲೇ ಮಾಡಿಸಿದೆ. ಅತ್ತೆಗೆ ಎಷ್ಟು ದೊಡ್ಡ ಮನಸ್ಸು ಅಂದಿತು ಓಣಿ. ಹೊಸ ಧಂದೆಯ ಕೆಸರು ಹಳೆಯ ಅಂಗಡಿಗೆ ಸಿಡಿಯಬಾರದು ಎಂಬ ನನ್ನ ಲೆಕ್ಕ ಓಣಿಗೆ ತಿಳಿಯಲಿಲ್ಲ.

ಮಾಲು ಮಲೇಶಿಯಾದ ಬಿಳಿ ಚಾಕೊಲೇಟು. ಕಸ್ಟಮ್ಸ್‌ನವರ ಪುಸ್ತಕದಲ್ಲಿ ಲೋಕದ ಪ್ರತಿಯೊಂದು ವಸ್ತುವಿಗೂ ಒಂದು ಸಂಖ್ಯೆ ಇದೆಯಂತೆ, ಸಂಖ್ಯೆ ನೋಡಿ ಸುಂಕ. ಕೋಕೋ ಇಲ್ಲದ ಸಿಹಿಗೆ ೧೭೦೪. ಬಿಳಿ ಚಾಕೊಲೇಟೂ ಅದರಲ್ಲೇ. ಕೋಕೋ ಇದ್ದರೆ ೧೮೦೬, ಅದಕ್ಕೆ ಸುಂಕ ಹೆಚ್ಚು. ಸೊಸೆ ೧೭೦೪ ಬರೆಸಿದ್ದಳು. ಬಂದರಿನವರು ಒಂದನ್ನು ಅಡ್ಡ ಮುರಿದು ನೋಡಿದರು. ಹೊರಗೆ ಹಾಲಿನ ಬಿಳುಪು, ನಡುವೆ ಕಂದು ಗೆರೆ. ಕೋಕೋ.

ಗೊತ್ತಿದ್ದೂ ತಪ್ಪು ಬರೆಸಿದಳು ಎಂದು ಅವರು ತೀರ್ಮಾನಿಸಿದರೆ ಅವಳ ಹೆಸರಿಗೆ ಕಳ್ಳ ವ್ಯಾಪಾರದ ಮಸಿ. ಮುಂದೆ ಯಾವ ಬಂದರಿನಲ್ಲೂ ಆ ಹೆಸರಿನ ಪೆಟ್ಟಿಗೆ ನೆಟ್ಟಗೆ ಹೊರಗೆ ಬರುವುದಿಲ್ಲ. ಅವಳ ಧಂದೆ ಅಲ್ಲಿಗೆ ಮುಗಿಯಿತು.

ಗೊತ್ತಿದ್ದು ಬರೆಸಿದಳೋ, ಗೊತ್ತಿಲ್ಲದೆಯೋ? ಬಂದರಿನವರಿಗಿಂತ ಮೊದಲು ನಾನು ಪತ್ತೆ ಹಚ್ಚಬೇಕು.

೯ ಅಕ್ಟೋಬರ್, ಗುರುವಾರ

ಸೊಸೆಯನ್ನು ಎದುರಿಗೆ ಕೂಡಿಸಿಕೊಂಡು ಕೇಳಿದೆ. ಬಿಳಿ ಚಾಕೊಲೇಟಿನಲ್ಲಿ ಕೋಕೋ ಇರುವುದಿಲ್ಲವೇ ಎಂದರೆ ಇರುತ್ತದೆ ಅಂದಳು. ಮತ್ತೆ ಇಲ್ಲವೆಂದು ಏಕೆ ಬರೆಸಿದೆ ಎಂದರೆ, ಬೆಣ್ಣೆ ಇರುತ್ತದೆ, ಪುಡಿ ಇರುವುದಿಲ್ಲ ಅಂದಳು.

“ಕೋಕೋ ಬೆಣ್ಣಿ ಒಂದ ಇದ್ರ ಕೋಕೋ ಇದ್ದಂಗ ಅಲ್ರಿ ಅತ್ತಿ. ಪುಡಿ ಇದ್ರ ಅಷ್ಟ ಇದ್ದಂಗ. ಅವರ ಕಾಯಿದೆ ಹಂಗ ಐತ್ರಿ.”

ಬೆಣ್ಣೆ ಮಾರುವ ಗೌಳಿಗಿತ್ತಿ ನನ್ನ ಮನೆಯಲ್ಲಿ ಎಮ್ಮೆಯೇ ಇಲ್ಲ ಅಂದ ಹಾಗಾಯಿತು. ಆದರೆ ಮಾರ್ತಾಂಡರಾಯರನ್ನು ಕೇಳಿದರೆ ಅವರೂ ಹೌದೆಂದರು. ಇಬ್ಬರೂ ಮೊದಲೇ ಮಾತಾಡಿಕೊಂಡಿರಬಹುದು.

ಅವಳು ಹೇಳುವ ಕಥೆ ಇಷ್ಟು: ಆ ಕಾರ್ಖಾನೆಯಲ್ಲಿ ಒಂದೇ ಹೆಸರಿನ ಎರಡು ಬಗೆ ತಯಾರಾಗುತ್ತವೆ, ಒಂದು ಬರೀ ಬಿಳಿ, ಇನ್ನೊಂದು ಹೊಟ್ಟೆಯಲ್ಲಿ ಗೆರೆ ಇರುವುದು. ಇವಳು ಕೇಳಿದ್ದು ಬರೀ ಬಿಳಿ. ಅವರು ಬರೀ ಬಿಳಿಯ ಕಾಗದ ಕಳಿಸಿ ಗೆರೆಯ ಮಾಲು ತುಂಬಿದರು. ಕಾಗದ ನೋಡಿ ಇವಳು ಬರೆಸಿದಳು.

ಕಥೆ ಚೊಕ್ಕ ಇದೆ. ಅದೇ ನನಗೆ ಸರಿಹೋಗದ್ದು. ಖರೆ ಮಾತಿಗೆ ಎಲ್ಲೋ ಒಂದು ಕಡೆ ದಾರ ಬಿಚ್ಚಿರಬೇಕು.

ಸೊಸೆಯ ಅಣ್ಣ ವಿಶಾಲ ಮುಂಡರಗಿಯಲ್ಲಿ ಬಿಸ್ಕೀಟಿನ ಏಜೆನ್ಸಿ ಇಟ್ಟಿದ್ದಾನೆ. ಇಲ್ಲಿ ಮುಳುಗಿದ ಧಂದೆ ಅಲ್ಲಿ ತೇಲಬಹುದಲ್ಲ. ಮಗ ಮೌನೇಶನ ಮುಂದೆ ಈ ಮಾತು ತೆಗೆದೆ. ಲೈನ್‌ಮನ್ ಕೆಲಸದವನು, ಕಂಬ ಹತ್ತಿದಾಗ ಬಿಟ್ಟರೆ ಎಲ್ಲೂ ತಲೆ ಎತ್ತುವುದಿಲ್ಲ. ಊಟದ ತಾಟು ನೋಡುತ್ತ ಕೂತ.

೧೧ ಅಕ್ಟೋಬರ್, ಶನಿವಾರ

ಬಂದರಿನವರು ಪ್ರಶ್ನೆ ಕಳಿಸಿದ್ದಾರೆ. ಸೊಸೆ ಒಂದೊಂದನ್ನೇ ಓದಿ ಹೇಳಿದಳು. ಕಾರ್ಖಾನೆಯೊಂದಿಗೆ ಏನು ಒಪ್ಪಂದವಾಗಿತ್ತು, ಸಂಖ್ಯೆ ಯಾರು ಆರಿಸಿದರು ಎಂಬುದಕ್ಕೆಲ್ಲ ಪಟಪಟ ಉತ್ತರ ಇತ್ತು. ಕೊನೆಯದು: ಮಾಲು ಹಡಗು ಹತ್ತುವ ಮೊದಲು ಕಾರ್ಖಾನೆ ಮಾದರಿ ಪೆಟ್ಟಿಗೆ ಕಳಿಸಿದೆಯಷ್ಟೆ, ಅದನ್ನು ಒಡೆದು ನೋಡಿದಿರಾ?

ಅಲ್ಲಿ ಮಾತು ನಿಂತಿತು. ನನ್ನ ಮುಖ ನೋಡಿದಳು. ಕಾಗದ ಮಡಚಿದಳು. “ಆತ್ರಿ, ಇದಕ್ಕ ನಾ ಬರೀತೀನಿ” ಅಂದು ಒಳಗೆ ಹೋದಳು.

ನೆನಪು ಮಾಡಿಕೊಂಡೆ. ಮಾದರಿ ಬಂದದ್ದು ಶ್ರಾವಣದಲ್ಲಿ, ಅವಳು ಪಂಚಮಿಗೆ ತವರಿಗೆ ಹೋದಾಗ. ನಮ್ಮ ಅಂಗಡಿಗೆ ಒಂದು ರೀತಿ ಇದೆ. ಯಾವ ಹೊಸ ಮಾಲೇ ಬರಲಿ, ಮೊದಲ ಪೆಟ್ಟಿಗೆಯ ಕಟ್ಟು ಬಿಚ್ಚುವುದಿಲ್ಲ. ಹಾಗೇ ನನ್ನ ತವರೂರು ಬೆಳ್ಳಟ್ಟಿಯ ಹನಮಪ್ಪನ ಗುಡಿಗೆ ಹೋಗುತ್ತದೆ. ಬುಟ್ಟಿಯ ಕಾಲದಿಂದ ನಡೆದು ಬಂದದ್ದು. ಅದನ್ನೂ ಕಳಿಸಿದೆ. ಸೊಸೆ ತಿರುಗಿ ಬಂದು ಮಾದರಿ ಹೇಗಿದೆ ಎಂದು ಕೇಳಿದಾಗ ಚಲೋ ಐತಿ ಎಂದಿದ್ದೆ. ಹನಮಪ್ಪ ಒಪ್ಪಿಕೊಂಡ ಮಾಲು ಇನ್ನು ಹೇಗಿರುತ್ತದೆ?

ನನ್ನ ಕಡೆ ಎಲ್ಲ ಸರಿಯಾಗಿದೆ. ಅವಳೇಕೆ ಬಾಯಿ ಮುಚ್ಚಿದಳು? ಅಲ್ಲೇ ಏನೋ ಇದೆ.

೧೪ ಅಕ್ಟೋಬರ್, ಮಂಗಳವಾರ

ಸೊಸೆಯ ಚೀಲ ಮೊಳೆಯಿಂದ ಬಿತ್ತು. ಎತ್ತಿ ಇಡುವಾಗ ಬಸ್ಸಿನ ಟಿಕೆಟು ಕಂಡಿತು. ಹೆಂಗಸರಿಗೆ ಕೊಡುವ ಸೊನ್ನೆ ರೂಪಾಯಿಯ ಟಿಕೆಟು. ಬಸ್ಸು ಪುಕ್ಕಟೆಯಾದ ಮೇಲೆ ಹೆಂಗಸರು ಎಲ್ಲಿಗೆ ಹೋದರೆಂದು ಮನೆಯ ಖರ್ಚಿನಲ್ಲಿ ಗೊತ್ತಾಗುವುದೇ ನಿಂತಿದೆ. ಪುಣ್ಯಕ್ಕೆ ಊರಿನ ಹೆಸರು ಬರೆಯುತ್ತಾರೆ. ಬೆಳ್ಳಟ್ಟಿ.

ನಿನ್ನೆ ಅವಳು ಹೇಳಿ ಹೋದದ್ದು ಗದಗಿನ ಬ್ಯಾಂಕಿಗೆ.

ನನ್ನ ತವರಿನಲ್ಲಿ ಇವಳಿಗೇನು ಕೆಲಸ? ಅಲ್ಲಿರುವವನು ನನ್ನ ತಮ್ಮ ಮೂಕಪ್ಪ. ಹಿತ್ತಲಿನ ಗೋಡೆಯ ಸಲುವಾಗಿ ಅವನಿಗೂ ನನಗೂ ಮಾತು ಕೆಟ್ಟಿದೆ. ನನ್ನ ವೈರಿ ಯಾರೆಂದು ಹುಡುಕಿಕೊಂಡು ಅಷ್ಟು ದೂರ ಹೋಗಿದ್ದಾಳೆ. ಕೇಳಲಿಲ್ಲ. ಕೇಳಿದರೆ ಎಚ್ಚರಾಗುತ್ತಾಳೆ.

೧೫ ಅಕ್ಟೋಬರ್, ಬುಧವಾರ

ವಸೂಲಿಯ ನೆಪದಲ್ಲಿ ಮುಂಡರಗಿಗೆ ಹೋಗಿ ವಿಶಾಲನ ಅಂಗಡಿಯಲ್ಲಿ ಕೂತೆ. ಡಂಬಳ ದಾಟುವವರೆಗೆ ಏನು ಕೇಳಬೇಕು, ಹೇಗೆ ಸುತ್ತಿಸಿ ಕೇಳಬೇಕು ಎಂದು ಹೊಂದಿಸಿಕೊಂಡಿದ್ದೆ. ಎಲ್ಲ ವ್ಯರ್ಥ. ಮಾಲು ಹಿಡಿದಿದ್ದಾರೆ ಎಂಬ ಸುದ್ದಿಯೇ ಅವನಿಗೆ ಇರಲಿಲ್ಲ. ಮುಖ ನೋಡಿ ಸರಕು ತೂಗುವವಳು ನಾನು, ಆ ಮುಖ ಸುಳ್ಳಿನದಲ್ಲ. ಚಹಾ ತರಿಸಿ, ಕೈ ಕಟ್ಟಿಕೊಂಡು ಕೂತ.

“ತಂಗಿ ದಿನಾ ಫೋನ್ ಮಾಡ್ತಾಳ್ರಿ ಅತ್ತಿ. ಎಲ್ಲಾ ಆರಾಮ ಅಂತಾಳ. ನಿಮ್ಮ ಕಡೆ ಬಂದಾಗಿಂದ ನಮಗ ಒಂದು ಕಷ್ಟಾನೂ ಹೇಳಿಲ್ಲ ನೋಡ್ರಿ.”

ತವರಿಗೂ ಹೇಳದವಳು. ಇಷ್ಟು ಗುಟ್ಟು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಹೆಣ್ಣನ್ನು ನಂಬುವುದು ಹೇಗೆ? ಬರುವಾಗ ಬಸ್ಸಿನಲ್ಲಿ ಅದೇ ವಿಚಾರ. ನಾನೂ ಮದುವೆಯಾದ ಹೊಸತರಲ್ಲಿ ತವರಿಗೆ ಏನೂ ಹೇಳುತ್ತಿರಲಿಲ್ಲ. ಆದರೆ ಅದು ಬೇರೆ ಕಾಲ.

೨೦ ಅಕ್ಟೋಬರ್, ಸೋಮವಾರ

ದೀಪಾವಳಿ. ಬಿಳಿ ಚಾಕೊಲೇಟು ಬಂತೇನ್ರಿ ಎಂದು ಲಕ್ಷ್ಮೇಶ್ವರದ ದಿಲಶಾದಬಿ ಫೋನ್ ಮಾಡಿದಳು. ಹಡಗು ತಡ ಅಂದೆ. ಶಿರಹಟ್ಟಿಯವರಿಗೂ ಅದೇ ಹೇಳಿದೆ. ಸೊಸೆ ಅಂಗಡಿಯ ಪೂಜೆಗೆ ಹೂವು ಕಟ್ಟಿದಳು, ಹೋಳಿಗೆ ಮಾಡಿದಳು, ತಾನು ಒಂದೂ ತಿನ್ನಲಿಲ್ಲ. ತಿನ್ನದೆ ಇರಲು ಕಾರಣ ಬೇಕಲ್ಲ. ಅಪರಾಧದ ಭಾರ ಇದ್ದರೂ ಇದ್ದೀತು.

೨೪ ಅಕ್ಟೋಬರ್, ಶುಕ್ರವಾರ

ಬೆಳ್ಳಟ್ಟಿಗೆ ಹೋಗಿ ಬಂದೆ. ಗೋಡೆ ಜಗಳದ ನಂತರ ಮೊದಲ ಸಲ ಮೂಕಪ್ಪನ ಹೊಸ್ತಿಲು ತುಳಿದೆ. ಹಬ್ಬಕ್ಕೆ ಬಂದಳೆಂದು ಅವನು ತಿಳಿದ. ತಿಳಿಯಲಿ.

ನೇರ ಕೇಳಿದೆ, ನನ್ನ ಸೊಸೆ ನಿನ್ನ ಹತ್ತಿರ ಏಕೆ ಬಂದಿದ್ದಳು ಎಂದು. ಅವನು ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದ.

“ನನ್ನ ಹಂತೇಲಿ ಯಾಕ ಬರ್ತಾಳಕ್ಕಾ? ಗುಡಿಗೆ ಬಂದಿದ್ಲು. ಶ್ರಾವಣದಾಗ ನೀ ಕಳಿಸಿದ ಡಬ್ಬಿ ಒಂದರ ಉಳದೈತೇನು ಅಂತ ಪೂಜಾರಿನ್ನ ಕೇಳಿದ್ಲು. ಎಲ್ಲಿ ಉಳೀತೈತಿ. ಆವತ್ತ ಸಾಲಿ ಹುಡುಗರಿಗೆ ಹಂಚಿ ಖಾಲಿ.”

ಆಮೇಲೆ ನಡೆದದ್ದನ್ನು ಅವನು ನಗುತ್ತ ಹೇಳಿದ. ಸೊಸೆ ಶಾಲೆಯ ಕಟ್ಟೆಗೆ ಹೋಗಿ ಹುಡುಗರನ್ನು ಕೇಳಿದಳಂತೆ, ಆ ಬಿಳಿ ಚಾಕ್ಲೇಟು ಹೇಗಿತ್ತೆಂದು. ಒಳಗೆ ಕರೀ ಗೆರಿ ಇತ್ತು ಅಂತ ಇಡೀ ಹಿಂಡು ಒಂದೇ ಬಾಯಲ್ಲಿ ಅಂದಿತಂತೆ. ಕೆಲವರು ಬಿಳಿ ನೆಕ್ಕಿ ಕರಿ ಉಳಿಸಿಕೊಂಡರು, ಕೆಲವರು ಕರಿ ಮೊದಲು ತಿಂದರು, ಅದಕ್ಕಾಗಿ ಇಬ್ಬರು ಹೊಡೆದಾಡಿಕೊಂಡದ್ದೂ ಉಂಟಂತೆ. ಅಂದರೆ ಶ್ರಾವಣದಲ್ಲೇ ಬೆಳ್ಳಟ್ಟಿಯ ಮೂಗು ಸುರಿಸುವ ಹುಡುಗರಿಗೆಲ್ಲ ಗೊತ್ತಿದ್ದ ಸಂಗತಿ ಅದು. ಗೊತ್ತಿಲ್ಲದವರು ಮಾಲು ತರಿಸಿದ ನಾವಿಬ್ಬರೇ.

ಮಾದರಿ ಅವಳ ಕಣ್ಣಿಗೂ ಬಿದ್ದಿಲ್ಲ. ನಾನು ಪೆಟ್ಟಿಗೆ ಒಡೆದು ನೋಡಿಯೇ ಚಲೋ ಐತಿ ಅಂದೆನೆಂದು ತಿಳಿದಿದ್ದಳು. ಪ್ರಶ್ನೆ ಬಂದ ದಿನ ಗುಡಿಯ ರೀತಿ ನೆನಪಾಗಿರಬೇಕು, ನನ್ನ ಮುಖ ನೋಡಿದ್ದು ಅದಕ್ಕೆ.

ಹೊರಡುವಾಗ ಮೂಕಪ್ಪ ಇನ್ನೊಂದು ಮಾತು ಹೇಳಿದ. ಪೂಜಾರಿ, ಹಾಗಾದರೆ ನಾನು ಒಂದು ಚೀಟಿ ಬರೆದು ಕೊಡುತ್ತೇನೆ, ಡಬ್ಬಿ ಒಡೆಯದೆ ಗುಡಿಗೆ ಬಂದಿತ್ತು ಎಂದು, ನಿಮಗೆ ಅನುಕೂಲವಾದೀತು ಎಂದನಂತೆ. ಇವಳು ಬೇಡವೆಂದಳಂತೆ.

“ಅತ್ತಿ ಹೆಸರು ಸರಕಾರದ ಕಾಗದದಾಗ ಬರೂದು ಬ್ಯಾಡ್ರಿ ಅಂದ್ಲು. ಚಹಾನೂ ಕುಡೀಲಿಲ್ಲ, ಬಸ್ ಐತಿ ಅಂತ ಹ್ವಾದ್ಲು.”

೨೫ ಅಕ್ಟೋಬರ್, ಶನಿವಾರ

ಬೇಳೆ ಸೀದಿತು. ಅಡುಗೆ ನಾನೇ ಮಾಡಿದ್ದೆ. ನನ್ನ ಸೊಸೆ ಶೃತಿ ಅದನ್ನೇ ಉಂಡಳು.

೩ ನವೆಂಬರ್, ಸೋಮವಾರ

ಮಾರ್ತಾಂಡರಾಯರು ತಾವೇ ಅಂಗಡಿಗೆ ಬಂದರು. ಹುಬ್ಬಳ್ಳಿಯಿಂದ ಕಾರು ಮಾಡಿಕೊಂಡು ಬಂದ ಏಜೆಂಟನ ಹಿತವಚನ ಎಷ್ಟು ಸೇರು ತೂಗುತ್ತದೆ ಎಂದು ಮೊದಲೇ ಅಂದಾಜು ಹಾಕಿಕೊಂಡೆ. ಶೃತಿ ಬ್ಯಾಂಕಿಗೆ ಹೋಗುವುದನ್ನು ಕಾದಿದ್ದರು ಅಂತ ಕಾಣುತ್ತದೆ. ವಿಚಾರಣೆ ಹನ್ನೆರಡನೇ ತಾರೀಖಿಗೆ, ಕಂಪ್ಯೂಟರ್ ಪರದೆಯ ಮೇಲೆ, ಇಲ್ಲೇ ಕೂತು ಮಾತಾಡಬಹುದಂತೆ. ಅದು ಹೇಳಿದ ಮೇಲೆ ದನಿ ಸಣ್ಣ ಮಾಡಿದರು.

“ಅವ್ವಾರ, ಪರವಾನಗಿ ನಿಮ್ಮ ಸೊಸಿ ಹೆಸರಿನ್ಯಾಗ ಅದ. ನಿಮ್ಮ ಅಂಗಡಿಗೂ ಅದಕ್ಕೂ ಸಂಬಂಧ ಇಲ್ಲಂತ ಒಂದ ಕಾಗದ ಮಾಡಿ ಇಡೋಣ. ಅಕಿ ಮ್ಯಾಲ ಏನ ಆದ್ರೂ ನಿಮಗ ತಾಗೂದಿಲ್ಲ.”

ಒಂದು ತಿಂಗಳ ಹಿಂದೆ ನಾನೇ ಹಾಕಿದ್ದ ಲೆಕ್ಕ ಅದು. ಇವರ ಬಾಯಲ್ಲಿ ಕೇಳಿದರೆ ಹಳಸಿದ ವಾಸನೆ ಬಂತು. ಸಂಖ್ಯೆ ಬರೆಯುವಾಗ ಇವರೂ ಜೊತೆಗಿದ್ದರಲ್ಲ, ಮಾದರಿ ನೋಡಿದಿರೇನು ಎಂದು ಇವರಾದರೂ ಒಂದು ಮಾತು ಕೇಳಬಹುದಿತ್ತಲ್ಲ. ಎಲ್ಲ ಹುಡುಗಿಯ ತಲೆಗೆ ಕಟ್ಟಿದರೆ ಇವರ ತಲೆ ಹಗುರಾಗುತ್ತದೆ. ಈ ಮನುಷ್ಯನ ಮೇಲೆ ಮೊದಲೇ ಅನುಮಾನ ಪಡಬೇಕಿತ್ತು, ಬೇರೆ ಕಡೆ ನೋಡುತ್ತ ಹೊತ್ತು ಕಳೆದೆ.

“ರಾಯರ, ನೀವು ಮಾಲು ಬಿಡಸೂದು ನೋಡ್ರಿ. ಮನಿ ಬಿಡಸೂದು ಬ್ಯಾಡ” ಅಂದೆ. ಚಹಾ ಕೊಟ್ಟು ಕಳಿಸಿದೆ.

ಶೃತಿಗೆ ಇದನ್ನು ಹೇಳಲಿಲ್ಲ. ಬೆಳ್ಳಟ್ಟಿಯ ಮಾತೂ ಹೇಳಲಿಲ್ಲ. ಅವಳು ತಾನಾಗಿ ಬಾಯಿ ಬಿಡುತ್ತಾಳೋ ನೋಡೋಣ ಎಂದು ಕಾದಿದ್ದೇನೆ. ಅವಳೂ ಕಾಯುತ್ತಿರುವ ಹಾಗಿದೆ.

೧೨ ನವೆಂಬರ್, ಬುಧವಾರ

ವಿಸ್ತಾರವಾಗಿ ಬರೆಯಬೇಕು. ಮುಂದೆ ಯಾರಾದರೂ ತಿರುಚಿ ಹೇಳಿದರೆ ನನ್ನ ಹತ್ತಿರ ಖರೆ ಇರಬೇಕು.

ಗೋದಾಮಿನ ಒಳಕೋಣೆಯಲ್ಲಿ ಶೃತಿ ಕಂಪ್ಯೂಟರ್ ಮುಂದೆ ಕೂತಳು. ಇನ್ನೊಂದು ಚೌಕದಲ್ಲಿ ಮಾರ್ತಾಂಡರಾಯರು, ಹುಬ್ಬಳ್ಳಿಯಿಂದ. ನಾನು ಬಾಗಿಲ ಬಳಿ, ಪರದೆಗೆ ಕಾಣದ ಹಾಗೆ. ನನ್ನನ್ನು ಯಾರೂ ಕರೆದಿರಲಿಲ್ಲ. ಆದರೆ ನನ್ನ ಗೋದಾಮು, ನನ್ನ ಬಾಗಿಲು.

ವಿಚಾರಣೆ ಮಾಡುವ ಕಸ್ಟಮ್ಸ್ ಸಾಹೇಬರು ಸೊಲ್ಲಾಪುರದ ಕಡೆಯವರು. ಇಂಗ್ಲಿಷಿನಲ್ಲಿ ಶುರು ಮಾಡಿದರು, ಶೃತಿ ಗದಗಿನವಳೆಂದು ತಿಳಿದ ಮೇಲೆ ಕನ್ನಡಕ್ಕೆ ಇಳಿದರು. ಒಳ್ಳೆಯ ಮನುಷ್ಯನ ಹಾಗೆ ಕಂಡರು. ಹಾಗೆ ಕಾಣುವವರ ಮುಂದೆ ಇನ್ನಷ್ಟು ಎಚ್ಚರ ಇರಬೇಕು. ಸಂಖ್ಯೆ ೧೮೦೬ ಎಂದು ಶೃತಿ ಮೊದಲೇ ಒಪ್ಪಿಕೊಂಡಳು, ಗೆರೆ ಇರುವುದು ಇದ್ದೇ ಇದೆ. ತಪ್ಪು ಕಾಗದ ಕಳಿಸಿದ್ದಕ್ಕೆ ಕಾರ್ಖಾನೆಯವರು ಕ್ಷಮೆ ಕೇಳಿ ಬರೆದದ್ದನ್ನೂ ತೋರಿಸಿದಳು. ಸಾಹೇಬರು ಎಲ್ಲ ಕೇಳಿಸಿಕೊಂಡು ಮತ್ತೆ ಅಲ್ಲಿಗೇ ಬಂದರು. ಮಾದರಿ ನಿಮ್ಮ ಕೈಯಲ್ಲಿತ್ತು. ಒಡೆದಿದ್ದರೆ ಗೆರೆ ಕಾಣುತ್ತಿತ್ತು. ಕಂಡೂ ೧೭೦೪ ಬರೆಸಿದಿರಿ ಎಂದು ನಾನು ಏಕೆ ತಿಳಿಯಬಾರದು?

“ನನ್ನ ಅಲಕ್ಷ್ಯರೀ ಸರ್. ಮಾದರಿ ಬಂದಿತ್ತು, ನಾನ ನೋಡಲಿಲ್ಲ” ಅಂದಳು ಶೃತಿ.

ಮನೆಗೆ ಬಂದ ಪೆಟ್ಟಿಗೆ ಎರಡು ತಿಂಗಳು ನೋಡದೆ ಬಿಟ್ಟಿರಾ ಎಂದರು ಅವರು. ಹೌದು ಅಂದಳು. ನಂಬಲಿಲ್ಲ. ನನಗೇ ತಿಳಿಯಿತು, ನಂಬಲಿಲ್ಲ. ಇಷ್ಟು ಚೊಕ್ಕ ಕಾಗದ ಇಟ್ಟ ಹೆಣ್ಣು ಪೆಟ್ಟಿಗೆಯನ್ನು ನೋಡಲೇ ಇಲ್ಲವೆಂದರೆ ನಾನಾದರೂ ನಂಬುತ್ತಿರಲಿಲ್ಲ. ಅವರು ಏನೋ ಬರೆದುಕೊಳ್ಳಲು ತಲೆ ಬಗ್ಗಿಸಿದರು. ನಾನು ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಹೋಗಿ ಕೂತೆ.

“ಆಕಿ ಸುಳ್ಳ ಹೇಳಾಕ ಹತ್ತ್ಯಾಳ್ರಿ ಸಾಹೇಬ್ರ.”

ಶೃತಿ ನನ್ನ ಕಡೆ ತಿರುಗಲಿಲ್ಲ. ಮೇಜಿನ ಮೇಲಿದ್ದ ಅವಳ ಬೆರಳು ಮಡಚಿಕೊಂಡವು. ಮಾರ್ತಾಂಡರಾಯರು ತಮ್ಮ ಚೌಕದಲ್ಲಿ ಮುಂದಕ್ಕೆ ಬಾಗಿದರು. ನೀವು ಯಾರು ಎಂದರು ಸಾಹೇಬರು. ಹೇಳಿದೆ.

“ಮಾದರಿ ಆಕಿ ಕೈಗೆ ಹತ್ತೇ ಇಲ್ರಿ. ಆಕಿ ತವರಮನಿಗೆ ಹೋದಾಗ ಬಂತು. ನಾನು ಬೆಳ್ಳಟ್ಟಿ ಹನಮಪ್ಪಗ ಕೊಟ್ಟೆ. ಕಟ್ಟ ಬಿಚ್ಚಲಾರದ ಕೊಟ್ಟೆ. ಆಕಿ ಬಂದು ಕೇಳಿದಾಗ ಮಾಲು ಚಲೋ ಐತಿ ಅಂತ ನಾನ ಹೇಳೀನ್ರಿ.”

“ವ್ಯಾಪಾರ ಮಾಡೋರು ಮಾಲು ನೋಡಲಾರದ ದೇವ್ರಿಗೆ ಕೊಡ್ತೀರೇನ್ರಿ ಅವ್ವಾ?”

“ನೋಡಿ, ರುಚಿ ಹತ್ತಿ, ಉಳದಿದ್ದ ಕೊಟ್ರ ಎಂಜಲ ಆಗತೈತ್ರಿ. ನಿಮ್ಮ ಊರಾಗ ಹೆಂಗೋ ಗೊತ್ತಿಲ್ಲ.”

ಅವರು ಪೆನ್ನು ಕೆಳಗಿಟ್ಟರು. ಇದಕ್ಕೆ ಸಾಕ್ಷಿ ಯಾರೆಂದು ಕೇಳಿದರು. ಪೂಜಾರಿ ಇದ್ದಾನೆ ಅಂದೆ. ಅವನು ಸಾಲದಿದ್ದರೆ ಕರಿ ಗೆರೆಗಾಗಿ ಹೊಡೆದಾಡಿದ ಶಾಲೆಯ ಹುಡುಗರಿದ್ದಾರೆ, ಕರೆದರೆ ಬರುತ್ತಾರೆ, ಆದರೆ ಬರಿಗೈಲಿ ವಾಪಸು ಹೋಗುವ ಜಾತಿಯಲ್ಲ ಅಂದೆ. ಸಾಹೇಬರು ಬಾಯಿಗೆ ಕೈ ಅಡ್ಡ ಹಿಡಿದರು. ಕೆಮ್ಮೋ ನಗೆಯೋ ಗೊತ್ತಾಗಲಿಲ್ಲ. ಪೂಜಾರಿಯ ಹೇಳಿಕೆ ವಾರದೊಳಗೆ ಕಳಿಸಿ, ಇದನ್ನು ಮೊದಲೇ ಹೇಳಬೇಕಿತ್ತು ಎಂದು ಮುಗಿಸಿದರು.

ಪರದೆ ಕಪ್ಪಾದ ಮೇಲೂ ಶೃತಿ ಅದನ್ನೇ ನೋಡುತ್ತಿದ್ದಳು. “ಸುಳ್ಳ ಹೇಳಾಕ ಹತ್ತ್ಯಾಳ ಅಂದ್ರಲ್ರಿ, ನನ್ನ ಜೀವ ಹೋತ್ರಿ ಅತ್ತಿ” ಅಂದಳು. ಸುಳ್ಳು ಹೇಳಿದ್ದಿ, ಅದಕ್ಕೇ ಸುಳ್ಳು ಅಂದೆ ಎಂದೆ. ಇನ್ನು ಮುಂದೆ ನನ್ನ ಕೇಳದೆ ನನ್ನ ಹೆಸರು ಉಳಿಸುವ ಉಸಾಬರಿ ಬೇಡ ಎಂದೂ ಹೇಳಿದೆ. ಕಣ್ಣು ಒರೆಸಿಕೊಂಡಳು. ಗೋದಾಮಿನಲ್ಲಿ ಧೂಳು ಬಹಳ. ನನಗೂ ಕಣ್ಣಿಗೆ ಹೋಗಿತ್ತು.

೧೫ ನವೆಂಬರ್, ಶನಿವಾರ

ಇಬ್ಬರೂ ಬೆಳ್ಳಟ್ಟಿಗೆ ಹೋಗಿ ಹೇಳಿಕೆ ಬರೆಸಿಕೊಂಡು ಬಂದೆವು. ಪೂಜಾರಿ ಎರಡು ಸಲ ಓದಿ ಸಹಿ ಹಾಕಿದ. ಮೂಕಪ್ಪನ ಮನೆಯಲ್ಲಿ ಊಟ. ರೊಟ್ಟಿ ಇನ್ನೊಂದು ಹಾಕಿಸಿಕೊಳ್ಳೆಂದರೆ ಶೃತಿ ಸಾಕೆನ್ನುತ್ತಾಳೆ. ಅಂಗಡಿಗೆ ಒಯ್ಯುವ ಊಟದ ಡಬ್ಬಿಯೂ ಒಂದು ತಿಂಗಳಿಂದ ಅರ್ಧ ತುಂಬಿಯೇ ಮನೆಗೆ ಬರುತ್ತಿದೆ, ತೊಳೆಯುವಾಗ ನೋಡಿದ್ದೇನೆ. ಬೇರೆಯವರು ನೋಡಲಿಕ್ಕಿಲ್ಲ. ನಾಳೆಯಿಂದ ಅವಳು ಉಣ್ಣುವಾಗ ನಾನು ಎದುರಿಗೆ ಕೂಡಬೇಕು.

೨೮ ನವೆಂಬರ್, ಶುಕ್ರವಾರ

ಆದೇಶ ಬಂತು. ಮಾಲು ೧೮೦೬. ಅದರ ಸುಂಕ ಕಟ್ಟಬೇಕು. ಗೊತ್ತಿದ್ದು ಬರೆಸಿದ್ದಲ್ಲ ಎಂದು ಒಪ್ಪಿದ್ದಾರೆ. ಆದರೆ ನೋಡಬೇಕಾದ್ದನ್ನು ನೋಡಲಿಲ್ಲವಾದ್ದರಿಂದ ಸಣ್ಣದೊಂದು ದಂಡ, ಶೃತಿಯ ಹೆಸರಿಗೆ. ಮಾರ್ತಾಂಡರಾಯರು ಫೋನಿನಲ್ಲಿ ಓದಿದರು. ನಂಬದೆ ಮೌನೇಶನಿಂದ ಒಮ್ಮೆ ಓದಿಸಿದೆ. ಆಮೇಲೆ ಶೃತಿಯಿಂದ ಓದಿಸಿ ಖಾತ್ರಿ ಮಾಡಿಕೊಂಡೆ.

ಕಳ್ಳ ಎಂಬ ಮಸಿ ಹತ್ತಲಿಲ್ಲ. ದಂಡದ ಕಲೆ ಮಾತ್ರ ಉಳಿಯುತ್ತದೆ. ಮುಂದಿನ ಮಾಲು ಇನ್ನಾರದಾದರೂ ಹೊಸ ಹೆಸರಿನಲ್ಲಿ ತರಿಸಿದರೆ ಸಲೀಸು ಎಂದರು ರಾಯರು. ಶೃತಿ ತಲೆ ತಗ್ಗಿಸಿ ಹೂಂ ಅಂದಳು. ನಾನು ಬೇಡವೆಂದೆ. ಅದೇ ಧಂದೆ ಇರಲಿ, ಅವಳ ಹೆಸರೂ ಇರಲಿ, ಪಕ್ಕದಲ್ಲಿ ನನ್ನ ಹೆಸರು ಸೇರಿಸಿ ಪಾಲುದಾರಿಕೆ ಮಾಡಿ ಎಂದೆ. ಅವ್ವಾರ, ನಿಮ್ಮ ಹಳೆ ಅಂಗಡಿಗೂ ತೊಂದರೆ ಬಂದೀತು ಅಂದರು. ಬರಲಿ. ಒಬ್ಬರ ಹೆಸರಿದ್ದರೆ ಒಬ್ಬರನ್ನೇ ಹಿಡಿದು ಹೆದರಿಸುತ್ತಾರೆ. ಇದು ವ್ಯಾಪಾರದ ಮಾತು, ಬೇರೇನಿಲ್ಲ.

ಫೋನಿಟ್ಟ ಮೇಲೆ ಶೃತಿ ನನ್ನನ್ನೇ ನೋಡುತ್ತ ನಿಂತಿದ್ದಳು.

“ನನ್ನ ಮ್ಯಾಲ ಅಷ್ಟ ನಂಬಿಕಿ ಬಂತೇನ್ರಿ ಅತ್ತಿ?”

“ನಂಬಿಕಿ ಯಾರಿಗೆ ಬೇಕಾಗೈತಿ? ಬಾಜೂಕ ನನ್ನ ಹೆಸರಿದ್ರ ನಿನ್ನ ಮ್ಯಾಲ ಕಣ್ಣಿಡಾಕ ಬರತೈತಿ.”

ಅದಕ್ಕೆ ಅವಳು ನಕ್ಕಳು. ಸಣ್ಣಗಲ್ಲ, ಕೌಂಟರಿಗೆ ಆತುಕೊಂಡು, ಗಿರಾಕಿಗಳು ತಿರುಗಿ ನೋಡುವ ಹಾಗೆ. ಅದರಲ್ಲಿ ನಗುವಂಥದ್ದೇನಿತ್ತು? ವಿಚಾರಿಸಬೇಕು.